ಕಲ್ಲುಗೋಡೆಯ ಮನೆಗೆ ವೈಫೈ: ನನ್ನ ಅನುಭವ

ಚಿತ್ರದುರ್ಗದ ನಮ್ಮ ಮನೆಯ ಕೆಳಭಾಗ ತಾತನ ಕಾಲದ್ದು. ಅದರ ಕಲ್ಲಿನ ಗೋಡೆಗಳು ಒಂದೂವರೆ ಅಡಿ ದಪ್ಪ. ಮಹಡಿ ಕಟ್ಟಿಸುವಾಗ ಕರೆಂಟಿನ ವೈರುಗಳಿಗೆ ಸೋಕದಂತೆ ಬೇರೆ ಪೈಪುಗಳಲ್ಲಿ ಇಂಟರ್‌ನೆಟ್ ಸಾಗಿಸುವ ಕ್ಯಾಟ್ 6 ಕೇಬಲ್ ಎಳೆಸಿ, ಮಹಡಿಯ ಎರಡು ಕೋಣೆಗಳಲ್ಲೂ ಕೆಳಗಿನ ಅಡುಗೆಮನೆಯ ಬಳಿಯೂ ಸಾಕೆಟ್ ಹಾಕಿಸಿದ್ದೆವು. ಆದರೂ ಬಹುಕಾಲ ಇಡೀ ಮನೆ ಪಡಸಾಲೆಯ ಒಂದೇ ರೂಟರನ್ನು ನಂಬಿಕೊಂಡಿತ್ತು. ಅಮ್ಮ ಅಡುಗೆಮನೆಯಿಂದ ತಂಗಿಗೆ ವಿಡಿಯೊ ಕರೆ ಮಾಡಿದರೆ ಮಾತು ನಡುವೆಯೇ ಕಡಿದುಹೋಗುತ್ತಿತ್ತು.

ರಿಪೀಟರ್ ಹಾಕಿಸಿ ಎಂದವರು ಹಲವರು. ಗೋಡೆ ದಾಟುವಷ್ಟರಲ್ಲಿ ಕುಗ್ಗಿದ ಸಿಗ್ನಲನ್ನೇ ಅದು ಹಿಡಿದು ಮತ್ತೆ ಹರಡಬೇಕು. ಕೇಳುವುದಕ್ಕೂ ಕಳಿಸುವುದಕ್ಕೂ ಒಂದೇ ರೇಡಿಯೊ ಇದ್ದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗೋಡೆಯೊಳಗೆ ಕೇಬಲ್ ಇರುವಾಗ ಅದನ್ನು ಬಿಟ್ಟು ಗಾಳಿಯನ್ನು ನೆಚ್ಚುವುದು ನನಗೆ ಸರಿಯೆನಿಸಲಿಲ್ಲ.

ಪಡಸಾಲೆಯ ರೂಟರಿನ ಪಕ್ಕದಲ್ಲಿ ಎಂಟು ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಹಲವು ನೆಟ್‌ವರ್ಕ್ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆ, ಇಟ್ಟು ಎಲ್ಲ ಕೇಬಲುಗಳನ್ನು ಅಲ್ಲಿಗೆ ಸೇರಿಸಿದೆ. ಮಹಡಿಗೆ ಹೊಸ ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ತಂದೆ, ಅಡುಗೆಮನೆಯ ಬಳಿಗೆ ಹಳೆಯ ರೂಟರನ್ನೇ ಬಳಸಿದೆ. ಹಳೆಯದರ ವಿಳಾಸವನ್ನು 192.168.1.1ರಿಂದ 192.168.1.2ಕ್ಕೆ ಬದಲಿಸಿ, ಫೋನು, ಕಂಪ್ಯೂಟರುಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೇಬಲನ್ನು ಹೊರಗಿನ ಇಂಟರ್‌ನೆಟ್ ಬರುವ ವ್ಯಾನ್ (WAN) ಪೋರ್ಟಿಗಲ್ಲದೆ ಮನೆಯೊಳಗಿನ ಸಂಪರ್ಕದ ಲ್ಯಾನ್ (LAN) ಪೋರ್ಟಿಗೆ ಚುಚ್ಚಿದೆ. ಡಿಎಚ್‌ಸಿಪಿ ನಿಲ್ಲಿಸದಿದ್ದರೆ ಎರಡು ಪೆಟ್ಟಿಗೆಗಳೂ ವಿಳಾಸ ಹಂಚತೊಡಗುತ್ತವೆ. ಆಗ ವೈಫೈ ಗುರುತು ಪೂರ್ತಿ ಕಂಡರೂ ಕೆಲವು ಫೋನುಗಳಿಗೆ ಇಂಟರ್‌ನೆಟ್ ಸಿಗುವುದಿಲ್ಲ.

ನಿಜವಾದ ತೊಡಕು ಮಹಡಿಯಲ್ಲಿ ಎದುರಾಯಿತು. ನಮ್ಮದು 200 ಎಂಬಿಪಿಎಸ್ ಪ್ಲಾನ್. ಅಲ್ಲಿ ಎಷ್ಟು ಸಲ ಅಳೆದರೂ 94ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಎರಡು ದಿನ ಆಕ್ಸೆಸ್ ಪಾಯಿಂಟಿನ ಸೆಟ್ಟಿಂಗುಗಳನ್ನೇ ತಿರುವಿದೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಕೇಬಲಿನ ಎಂಟು ಎಳೆಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು ಎಂಬುದು ನೆನಪಾದ ಮೇಲೆ ಎಳೆಗೊಂದು ದೀಪವಿರುವ ಕೇಬಲ್ ಟೆಸ್ಟರ್ ಹಚ್ಚಿದರೆ, ನಾಲ್ಕನೆಯ ದೀಪ ಹೊತ್ತಲೇ ಇಲ್ಲ. ಸಾಕೆಟ್ ಬಿಚ್ಚಿದಾಗ ನೀಲಿ ಎಳೆ ತನ್ನ ಸೀಳಿನಲ್ಲಿ ಕೂರದೆ ಹೊರಗೇ ನಿಂತಿತ್ತು. ಎರಡೆರಡು ಎಳೆ ಹೊಸೆದ ಜೋಡಿಗಳ ಹೊಸೆತವನ್ನೂ ಎರಡು ಇಂಚು ಬಿಚ್ಚಿದ್ದರು; ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಏಕೆಂದರೆ ಪಕ್ಕದ ಜೋಡಿಯ ಅಡ್ಡಿಯನ್ನು ತಡೆಯುವುದು ಆ ಹೊಸೆತವೇ. ಎರಡೂ ತುದಿಗಳನ್ನು ಕತ್ತರಿಸಿ, ಟಿ568ಬಿ ಬಣ್ಣದ ಕ್ರಮದಲ್ಲಿ ಹೊಸದಾಗಿ ಕೂರಿಸಿದೆ. ಪೂರ್ತಿ ವೇಗ ಬಂತು. ಕೇಬಲ್ ಎಳೆಸುವವರು ಕೆಲಸಗಾರರು ಹೊರಡುವ ಮುನ್ನವೇ ಎಂಟೂ ದೀಪಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಮೂರೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು, 2.4 ಗಿಗಾಹರ್ಟ್ಸ್ ವೈಫೈ ತರಂಗಾಂತರದಲ್ಲಿ ಒಂದಕ್ಕೊಂದು ಅಡ್ಡಬರದ 1, 6, 11ನೆಯ ಚಾನೆಲುಗಳನ್ನು ಹಂಚಿದೆ. ಯಾವುದಕ್ಕೆ ಅಂಟಿಕೊಳ್ಳಬೇಕೆಂದು ತೀರ್ಮಾನಿಸುವುದು ಫೋನೇ ಆದ್ದರಿಂದ, ದೂರದ ಪೆಟ್ಟಿಗೆಯನ್ನು ಅದು ಬೇಗ ಬಿಡಲೆಂದು ಸಿಗ್ನಲಿನ ಬಲವನ್ನು ತಗ್ಗಿಸಿದೆ.

ಹಿತ್ತಲ ಕೋಣೆಗೆ ಮಾತ್ರ ಪೈಪು ಇರಲಿಲ್ಲ. ಕಲ್ಲು ಕೊರೆಯುವ ಬದಲು, ಬಿಸಿಲು ತಾಳುವ ಹೊರಾಂಗಣದ ಕೇಬಲನ್ನು ಗವಾಕ್ಷಿಯಿಂದ ಹೊರತಂದು ಗೋಡೆಗುಂಟ ಒಯ್ದಿದ್ದೇನೆ. ಕೋಣೆಯೊಳಗೆ ಹೋಗುವ ಮುನ್ನ ಅದನ್ನು ಒಂದು ಗೇಣು ಕೆಳಕ್ಕೆ ಬಾಗಿಸಿರುವುದರಿಂದ ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.