ಕಾರಿಗೆ ಆಂಪ್, ಸಬ್‌ವೂಫರ್: ಮೊದಲು ವೈರು, ಆಮೇಲೆ ವ್ಯಾಟು

ಬೋರಿವಲಿಯಿಂದ ಊರಿಗೆ ಹೊರಟರೆ ಪನ್ವೇಲ್ ದಾಟಿದ ಮೇಲೆ ಉಡುಪಿಯವರೆಗೂ ನನಗೆ ಜೊತೆ ಯಕ್ಷಗಾನದ ರೆಕಾರ್ಡಿಂಗುಗಳು. ಕಾರಿನ ಜೊತೆಗೇ ಬಂದ ಬಾಗಿಲ ಸ್ಪೀಕರಿನಲ್ಲಿ ಭಾಗವತರ ಕಂಠವೂ ಚೆಂಡೆಯ ಪೆಟ್ಟೂ ಚೆನ್ನಾಗಿಯೇ ಕೇಳುತ್ತವೆ. ಮದ್ದಳೆಯ ಗುಂಕು ಮಾತ್ರ ಕೇಳುವುದಿಲ್ಲ. ಆರು ಇಂಚಿನ ಕೋನ್ ಅಷ್ಟು ಗಾಳಿಯನ್ನು ತಳ್ಳಲಾರದು. ವಾಲ್ಯೂಮ್ ಏರಿಸಿದರೆ ಒಡಕು ದನಿ. ತಗ್ಗು ದನಿಗೆಂದೇ ಇರುವ ದೊಡ್ಡ ಸ್ಪೀಕರ್, ಸಬ್‌ವೂಫರ್, ಬೇಕಾಗುವುದು ಇದಕ್ಕೆ. ಬೀದಿಯವರಿಗೆಲ್ಲ ಕೇಳಿಸಲಿಕ್ಕಲ್ಲ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1200 ವ್ಯಾಟ್ ಎಂದಿದ್ದರೆ ಅದು ಪೀಕ್ ಲೆಕ್ಕ, ಕ್ಷಣಮಾತ್ರದ ಶಕ್ತಿ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಬಿಡುವಿಲ್ಲದೆ ನಡೆಯುವ ಶಕ್ತಿ. ಸಾಧಾರಣ ಕಾರಿಗೆ 250–300 ವ್ಯಾಟ್ ಆರ್‌ಎಂಎಸ್‌ನ ಒಂದು ವೂಫರ್, ಅದಕ್ಕೆ ಹೊಂದುವ ಮೋನೋ ಆಂಪ್ (ಒಂದೇ ಚಾನೆಲಿನ ಆಂಪ್ಲಿಫೈಯರ್) ಧಾರಾಳ ಸಾಕು. ಓಮ್ ಲೆಕ್ಕವೂ, ಅಂದರೆ ವೂಫರ್ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕವೂ, ಕೂಡಿಬರಬೇಕು: 4 ಓಮ್‌ನ ಎರಡು ಕಾಯಿಲ್ ಇರುವ ವೂಫರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8. ನಿಮ್ಮ ಆಂಪ್ 2 ಓಮ್ ತಾಳುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ.

ಇನ್ನು ವೈರು. 300 ವ್ಯಾಟಿನ ಆಂಪ್ ಜೋರಾಗಿ ಕೆಲಸ ಮಾಡುವಾಗ ಬ್ಯಾಟರಿಯಿಂದ ಹತ್ತಿರಹತ್ತಿರ 30 ಆಂಪಿಯರ್ ಎಳೆಯುತ್ತದೆ. 8 ಗೇಜಿನ ತಾಮ್ರದ ವೈರೇ ಬೇಕು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಲ್ಲೇ ಬಿಟ್ಟು ಬನ್ನಿ.

ಕೆಲಸಕ್ಕೆ ಕೈಹಾಕುವ ಮುಂಚೆ 10 ನಂಬರಿನ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಡಿ. ಬ್ಯಾಟರಿ ತೆಗೆದರೆ ಕೆಲವು ಸ್ಟೀರಿಯೊ ಕೋಡ್ ಕೇಳುತ್ತವೆ, ಅದನ್ನು ಹುಡುಕಿಟ್ಟುಕೊಂಡಿರಿ. ಪಾಸಿಟಿವ್‌ನಿಂದ ಹೊರಟ ವೈರಿಗೆ ಒಂದೂವರೆ ಅಡಿಯೊಳಗೇ 40 ಆಂಪಿಯರಿನ ಫ್ಯೂಸ್ ಹೋಲ್ಡರ್ ಬರಬೇಕು. ಫ್ಯೂಸನ್ನು ಈಗಲೇ ಹಾಕಬೇಡಿ. ಈ ಫ್ಯೂಸ್ ಕಾಯುವುದು ಆಂಪನ್ನಲ್ಲ, ವೈರನ್ನು. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ವೈರು ತಗಡಿಗೆ ಉಜ್ಜಿ ಸಿಪ್ಪೆ ಹೋಯಿತೆಂದರೆ, ಫ್ಯೂಸಿಲ್ಲದ ವೈರು ಕೆಂಡವಾಗಿ ಕಾರ್ಪೆಟ್ಟಿಗೆ ಬೆಂಕಿ ಹಿಡಿಯುತ್ತದೆ. ಆ ತೂತಿಗೆ ರಬ್ಬರಿನ ಬಳೆ ಹಾಕಿಯೇ ವೈರು ದಾಟಿಸಿ. ನನ್ನ ಕಾರಿಗೆ ಮೊದಲ ಸಲ ಫಿಟ್ಟಿಂಗ್ ಮಾಡಿದವರು ಫ್ಯೂಸನ್ನು ಡಿಕ್ಕಿಯಲ್ಲಿ, ಆಂಪಿನ ಪಕ್ಕದಲ್ಲಿ ಹಾಕಿದ್ದರು. ಐದು ಮೀಟರ್ ವೈರು ಯಾವ ಕಾವಲೂ ಇಲ್ಲದೆ ನನ್ನ ಮಕ್ಕಳ ಕಾಲಡಿ ಎಂಟು ತಿಂಗಳು ಓಡಾಡಿತು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅದೇ ಫಿಟ್ಟಿಂಗಿನ ಇನ್ನೊಂದು ತಪ್ಪು ಅರ್ಥಿಂಗ್, ಅಂದರೆ ಆಂಪಿನ ನೆಗೆಟಿವನ್ನು ಕಾರಿನ ಬಾಡಿಗೆ ಜೋಡಿಸುವ ಕೆಲಸ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎನ್ನುವ ದನಿ ಏರುತ್ತಿತ್ತು. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದರೆ ಅರ್ಥ್ ವೈರನ್ನು ಪೇಂಟಿನ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಸುತ್ತ ಕಾಫಿಪುಡಿಯಂಥ ತುಕ್ಕು. ನಮ್ಮ ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇಂಥ ಜಾಗವನ್ನು ಬಿಡುವುದಿಲ್ಲ. ಅರ್ಥಿಗೂ ಅದೇ 8 ಗೇಜಿನ ವೈರು, ಒಂದೂವರೆ ಅಡಿಗಿಂತ ಉದ್ದ ಬೇಡ. ಬಾಡಿಯ ಗಟ್ಟಿ ತಗಡನ್ನು ಮರಳುಕಾಗದದಿಂದ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ರಿಂಗ್ ಟರ್ಮಿನಲ್ ಇಟ್ಟು ನಟ್ಟು-ಬೋಲ್ಟು ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ತೂತು ಕೊರೆಯುವ ಮುಂಚೆ ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆಯೇ ಎಂದು ಬಗ್ಗಿ ನೋಡಿ. ಸೀಟ್‌ಬೆಲ್ಟಿನ ಬೋಲ್ಟನ್ನು ಮುಟ್ಟಲೇಬೇಡಿ. ಆಂಪನ್ನೂ ಡಿಕ್ಕಿಯ ನೆಲಕ್ಕೆ ಹೊಡೆಯದೆ ಹಲಗೆಯ ಮೇಲೆ ಎತ್ತರದಲ್ಲಿ ಕೂರಿಸಿ. ಜುಲೈಯಲ್ಲಿ ಸಬ್‌ವೇಗಳು ತುಂಬಿದಾಗ ನೀರು ಎಲ್ಲಿಗೆ ಬರುತ್ತದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ಸ್ಟೀರಿಯೊದ ಹಿಂದೆ ಬಿಳಿ ಗೆರೆಯ ನೀಲಿ ವೈರು ಇದ್ದರೆ ಅದು ಸಾಮಾನ್ಯವಾಗಿ ರಿಮೋಟ್. ಸೆಟ್ ಆನ್ ಆದಾಗ ಆಂಪನ್ನು ಎಬ್ಬಿಸುವುದು, ಆಫ್ ಆದಾಗ ಮಲಗಿಸುವುದು ಅದೇ. ಇದನ್ನು ನೇರ ಬ್ಯಾಟರಿಗೆ ಕೊಟ್ಟರೆ ಆಂಪ್ ಆಫ್ ಆಗುವುದೇ ಇಲ್ಲ, ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ. ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲನ್ನು ಪವರ್ ವೈರಿನ ಜೊತೆ ಎಳೆಯಬೇಡಿ: ಒಂದು ಡ್ರೈವರ್ ಕಡೆಯಿಂದ ಬಂದರೆ ಇನ್ನೊಂದು ಎಡಬದಿಯಿಂದ ಬರಲಿ. ಕಂಪನಿಯ ಸೆಟ್ಟಿನಲ್ಲಿ ಆರ್‌ಸಿಎ ಇರದಿದ್ದರೆ, ಹೈ-ಲೆವೆಲ್ ಇನ್‌ಪುಟ್ ಇರುವ ಆಂಪನ್ನೇ ತಂದು ಹಿಂದಿನ ಸ್ಪೀಕರ್ ವೈರಿನಿಂದ ಸಿಗ್ನಲ್ ತೆಗೆದುಕೊಳ್ಳಿ.

ಎಲ್ಲ ಬಿಗಿಯಾದ ಮೇಲೆ ನೆಗೆಟಿವ್ ಜೋಡಿಸಿ, ಕೊನೆಗೆ ಫ್ಯೂಸ್. ಆಂಪಿನ ಗೇನ್ ತಿರುಪು ಪೂರ್ತಿ ಇಳಿದಿರಲಿ, ಬಾಸ್ ಬೂಸ್ಟ್ ಆಫ್, ತಗ್ಗು ದನಿಯನ್ನಷ್ಟೇ ವೂಫರಿಗೆ ಬಿಡುವ ಲೋ-ಪಾಸ್ ಫಿಲ್ಟರ್ 80 ಹರ್ಟ್ಸ್. ಸ್ಟೀರಿಯೊದಲ್ಲಿ ಹೈ-ಪಾಸ್ ಇದ್ದರೆ ಬಾಗಿಲ ಸ್ಪೀಕರಿಗೆ ಅದೇ 80 ಕೊಡಿ. ತಗ್ಗು ದನಿಯ ಭಾರ ಇಳಿದು ಅವು ಎಷ್ಟು ತಿಳಿಯಾಗಿ ಹಾಡುತ್ತವೆಂದು ಕೇಳಿಯೇ ನೋಡಬೇಕು. ಈಗ ವಾಲ್ಯೂಮನ್ನು ಮುಕ್ಕಾಲಿಗಿಟ್ಟು ಗೇನನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಬನ್ನಿ. ದನಿ ಒಡೆಯತೊಡಗಿದಲ್ಲಿ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತನ್ನಿ. ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊ ಕೊಡುವ ಸಿಗ್ನಲಿಗೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ಏರಿಸಿದವರ ವೂಫರ್ ಕಾಯಿಲ್ ಸುಡುವುದು ಇಲ್ಲೇ.

ಎಂಜಿನ್ ಚಾಲೂ ಮಾಡಿ ಇನ್ನೊಮ್ಮೆ ಕೇಳಿ. ಕುಂಯ್ ಎಂದರೆ ಸದ್ದು ತಡೆಯುವ ಫಿಲ್ಟರ್ ಕೊಳ್ಳಲು ಓಡಬೇಡಿ, ಮೊದಲು ಅರ್ಥ್ ಬಿಚ್ಚಿ ಮತ್ತೆ ಉಜ್ಜಿ. ವೂಫರಿನ ದನಿಯ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಇಟ್ಟು ನೋಡಿ, ಯಾವುದರಲ್ಲಿ ಮದ್ದಳೆ ತುಂಬಿ ಕೇಳುತ್ತದೋ ಅಲ್ಲಿ ಬಿಡಿ. ಗುಂಕಿನ ಜೊತೆ ಹಿಂದಿನಿಂದ ಟರ್ ಟರ್ ಎಂದರೆ ಅದು ನಂಬರ್ ಪ್ಲೇಟ್. ಅದರ ಬೆನ್ನಿಗೆ ಎರಡು ತುಂಡು ಫೋಮ್ ಟೇಪ್ ಅಂಟಿಸಿ.