ಸೀಳಿದ ಪಂಪಿನೊಳಗಿನ ಒಂಬತ್ತು ಗೆರೆಗಳು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ನಮ್ಮ ಅಪ್ಪ ಮೊದಲಿನಿಂದಲೂ ಎರಕದ ಅಚ್ಚಿಗೆ ಬೇಕಾದ ಕಟ್ಟಿಗೆಯ ಪ್ಯಾಟರ್ನ್ ಮಾಡಿಕೊಡುತ್ತ ಬಂದವರು. ಸಾಗವಾನಿಯ ಹೊಟ್ಟಿನ ವಾಸನೆಯಲ್ಲೇ ಬೆಳೆದ ನಾನು ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ, ಬ್ಲೆಂಡರ್ ಎಂಬ 3D ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಪಂಪ್ ರಿಪೇರಿ ಮಾಡುವ ಗಿರಾಕಿಯೊಬ್ಬರು ಕಬ್ಬಿನ ಗದ್ದೆಯ ಪಂಪಿನ ಹಳೆಯ ಕೇಸಿಂಗ್, ಅಂದರೆ ಹೊರಕವಚ ಒಂದನ್ನು ತಂದಿಟ್ಟರು. ಮೈತುಂಬ ಸೀಳು. ಡ್ರಾಯಿಂಗ್ ಎಲ್ಲೂ ಇಲ್ಲ. ಇಂಥವೇ ಹತ್ತು ಬೇಕು ಅಂದರು.

ಕೇಸಿಂಗಿನ ಹೊರಮೈ ಕಷ್ಟದ್ದಲ್ಲ, ಕಷ್ಟವೆಲ್ಲ ಒಳಗಿದೆ. ನೀರು ಹರಿಯುವ ಆ ದಾರಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುತ್ತದೆ. ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ಸುತ್ತಲೂ ನೀರನ್ನು ಹೊರಗೆ ತಳ್ಳುತ್ತಲೇ ಇರುವುದರಿಂದ ಮುಂದೆ ಮುಂದೆ ಹೋದಂತೆ ಹೆಚ್ಚು ನೀರು ಕೂಡಿಕೊಳ್ಳುತ್ತದೆ, ದಾರಿಯೂ ಅದಕ್ಕೆ ತಕ್ಕಂತೆ ಅಗಲವಾಗಬೇಕು. ದಾರಿ ಶುರುವಾಗುವ ಅಂಚಿಗೆ ನಾಲಿಗೆ ಅನ್ನುತ್ತಾರೆ; ಅದರ ಹತ್ತಿರ ಬೆರಳು ತೂರುವಷ್ಟು ಸಣ್ಣದು, ಒಂದು ಸುತ್ತು ಬರುವಷ್ಟರಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡದು. ಎರಕ ಹೊಯ್ಯುವಾಗ ಈ ಟೊಳ್ಳನ್ನು ಉಳಿಸಿಕೊಡುವುದು ಮರಳಿನ ಕೋರ್. ಆ ಕೋರಿನ ಆಕಾರವೇ ನನಗೆ ಮೆಶ್ ಆಗಿ, ಅಂದರೆ ಕಂಪ್ಯೂಟರಿನಲ್ಲಿ ಚುಕ್ಕೆ, ಗೆರೆಗಳಿಂದ ಹೆಣೆದ ಮೈಯಾಗಿ ಬೇಕಿತ್ತು.

ಹೇಗೂ ಒಡೆದ ಕೇಸಿಂಗ್. ಗ್ರೈಂಡರ್ ಹಿಡಿದು ನಾಲಿಗೆಯಿಂದ ಶುರುಮಾಡಿ 45 ಡಿಗ್ರಿಗೊಂದರಂತೆ ಎಂಟು ಕಡೆ ಕೊಯ್ದೆವು. ಕೊಯ್ದ ಮುಖಕ್ಕೆ ಸ್ಟಾಂಪ್ ಪ್ಯಾಡಿನ ನೀಲಿ ಶಾಯಿ ಸವರಿ ಗ್ರಾಫ್ ಹಾಳೆಯ ಮೇಲೆ ಒತ್ತಿದರೆ ಒಳಗಿನ ದಾರಿಯ ಅಂಚು ಬಿಳಿ ಕುದುರೆಲಾಳದ ಹಾಗೆ ಮೂಡುತ್ತದೆ. ನಾಲಿಗೆಯ ಕೊಯ್ತದಲ್ಲಿ ಮೊದಲಿನ ಸಣ್ಣ ಆಕಾರ, ಕೊನೆಯ ದೊಡ್ಡ ಆಕಾರ ಎರಡೂ ಸಿಗುವುದರಿಂದ ಒಟ್ಟು ಒಂಬತ್ತು ಗೆರೆಗಳಾದವು. ಹಾಳೆಗಳನ್ನು ಸ್ಕ್ಯಾನ್ ಮಾಡಿ, ಪ್ರತಿಯೊಂದರ ಮೇಲೂ ಬೆಜಿಯರ್ ಕರ್ವ್ (ಕೆಲವೇ ಪಾಯಿಂಟುಗಳಿಂದ ಬಾಗಿಸುವ ಗೆರೆ) ಎಳೆದೆ.

ಮೊದಲ ಸಲ ಸೋತದ್ದು ಇಲ್ಲಿಯೇ. ಎಂಟು ಗೆರೆಗಳಿಗೆ ಐದೈದು ಕಂಟ್ರೋಲ್ ಪಾಯಿಂಟ್ ಸಾಕಾಗಿದ್ದವು. ಆರನೆಯದಕ್ಕೆ ಒಂದು ಉಬ್ಬು ಸರಿಯಾಗಿ ಕೂಡಲಿಲ್ಲವೆಂದು ಇನ್ನೊಂದು ಪಾಯಿಂಟ್ ಸೇರಿಸಿದ್ದೆ. ಬ್ಲೆಂಡರ್ ಎರಡು ಪಾಯಿಂಟುಗಳ ನಡುವಿನ ತುಂಡನ್ನು ತಾನಾಗಿಯೇ 12 ಭಾಗ ಮಾಡುತ್ತದೆ. ಐದು ಪಾಯಿಂಟಿದ್ದರೆ ನಾಲ್ಕು ತುಂಡು, ಮೆಶ್‌ಗೆ ಬದಲಿಸಿದಾಗ 49 ವರ್ಟೆಕ್ಸ್, ಅಂದರೆ ಚುಕ್ಕೆ. ಆರು ಪಾಯಿಂಟಿದ್ದರೆ 61. ಗೆರೆಯಿಂದ ಗೆರೆಗೆ ಮೈ ಹೆಣೆಯುವ ಬ್ರಿಜ್ ಎಡ್ಜ್ ಲೂಪ್ಸ್ ಕೊಟ್ಟಾಗ ಉಳಿದ ಕಡೆಯೆಲ್ಲ ಚೌಕಗಳು ಹೆಣೆದಂತೆ ಬಂದವು. ಆ ಗೆರೆಯ ಎರಡೂ ಮಗ್ಗುಲಲ್ಲಿ ಮಾತ್ರ ಹೆಚ್ಚಾದ ಹನ್ನೆರಡು ವರ್ಟೆಕ್ಸ್‌ಗಳಿಗೆ ಜೋಡಿ ಸಿಗದೆ ತ್ರಿಕೋನಗಳಾದವು. ಸ್ಮೂತ್ ಶೇಡಿಂಗ್ ಹಾಕಿ ನೋಡಿದರೆ ಇಸ್ತ್ರಿ ಮಾಡದ ಅಂಗಿಯ ತೋಳು.

ಪಾಯಿಂಟ್ ತೆಗೆದು ಎಲ್ಲವನ್ನೂ 49ಕ್ಕೆ ತಂದೆ. ತ್ರಿಕೋನ ಹೋದವು, ಆದರೆ ಮೆಶ್ ಇನ್ನೂ ಒಂದು ಕಡೆ ವಾಲಿತ್ತು. ಹಿಂದೆ ನಿಂತು ನೋಡುತ್ತಿದ್ದ ಅಪ್ಪ, "ತಮ್ಮಾ, ಲೆಕ್ಕ ಹೊಂದಿದರ ಸಾಲೂದಿಲ್ಲ. ಇದರ ನೆತ್ತಿ ಅದರ ನೆತ್ತಿಗೆ ಹೋಗಬೇಕು, ಇದರ ಹೆಗಲು ಅದರ ಹೆಗಲಿಗೆ" ಅಂದರು. ಅವರು ಕಟ್ಟಿಗೆಯಲ್ಲಿ ಮಾಡುವಾಗ ಪ್ರತಿ ಸ್ಥಾನಕ್ಕೊಂದು ತಗಡಿನ ಟೆಂಪ್ಲೇಟ್ ಕತ್ತರಿಸಿ, ಅದರ ಮೇಲೆ ನೆತ್ತಿ (ಲಾಳದ ಮೇಲ್ತುದಿ), ಹೆಗಲು (ಮಗ್ಗುಲ ಬಾಗು), ಪಾದ (ತೆರೆದ ತುದಿ) ಎಂದು ಗುರುತು ಹಾಕಿ, ಆ ಗುರುತುಗಳ ನಡುವೆ ಉಳಿ ಓಡಿಸುತ್ತಾರೆ. ನಾನು ಪಾಯಿಂಟುಗಳನ್ನು ಗೆರೆ ಚೆನ್ನಾಗಿ ಕೂಡುವ ಕಡೆ ಇಟ್ಟಿದ್ದೆನೇ ಹೊರತು ಒಂದರದ್ದು ಇನ್ನೊಂದಕ್ಕೆ ಎದುರಾಗಿ ಇಟ್ಟಿರಲಿಲ್ಲ. ಒಂಬತ್ತನ್ನೂ ಮತ್ತೆ ಎಳೆದೆ: ಎರಡು ಪಾದ, ಎರಡು ಹೆಗಲು, ಒಂದು ನೆತ್ತಿ. ಎಲ್ಲವೂ ಎಡಪಾದದಿಂದಲೇ ಶುರು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಇದೇ. ಬ್ರಿಜ್ ಬಟನ್ ಒತ್ತುವ ಹೊತ್ತಿಗೆ ಮೆಶ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಗೆರೆಗಳಲ್ಲಿ ಆಗಲೇ ತೀರ್ಮಾನವಾಗಿರುತ್ತದೆ.

ಆಮೇಲಿನ ತೊಡಕು ಬಾಗುವಿಕೆಯದು. ಗೆರೆಗಳನ್ನು ಸುತ್ತಲೂ 45 ಡಿಗ್ರಿಗೊಂದು ನಿಲ್ಲಿಸಿ ಬ್ರಿಜ್ ಮಾಡಿದರೆ ನಡುವೆ ನೇರ ಹಲಗೆ ಬಡಿದಂತಾಗುತ್ತದೆ. ನಮ್ಮ ಕೇಸಿಂಗಿನ ಒಳವೃತ್ತದ ತ್ರಿಜ್ಯ 120 ಮಿ.ಮೀ. ಅಷ್ಟಕ್ಕೇ ಹಲಗೆಯ ನಡುಭಾಗ ನಿಜವಾದ ಬಳುಕಿಗಿಂತ 9 ಮಿ.ಮೀ. ಒಳಗೆ ಬೀಳುತ್ತದೆ. ಅದಕ್ಕೆ ಬಸವನಹುಳುವನ್ನು ಮೊದಲು ನೇರಮಾಡಿದೆ. ಆ ವೃತ್ತದ ಸುತ್ತಳತೆ 754 ಮಿ.ಮೀ. ಅಷ್ಟುದ್ದದ ಸಾಲಿನಲ್ಲಿ ಒಂಬತ್ತು ಗೆರೆಗಳನ್ನು 94.25 ಮಿ.ಮೀ. ಅಂತರಕ್ಕೊಂದು ನಿಲ್ಲಿಸಿ, ಒಟ್ಟಿಗೆ ಬ್ರಿಜ್ ಮಾಡಿ, ನಂಬರ್ ಆಫ್ ಕಟ್ಸ್ 14 ಕೊಟ್ಟೆ. ಈಗ ಎರಡು ಗೆರೆಗಳ ನಡುವೆ 15 ಫೇಸ್ (ಚೌಕ), ಪ್ರತಿ ಫೇಸ್ 3 ಡಿಗ್ರಿಗೆ ಸಮ. ಆಮೇಲೆ ಸಿಂಪಲ್ ಡಿಫಾರ್ಮ್ ಮಾಡಿಫೈಯರಿನ ಬೆಂಡ್‌ನಲ್ಲಿ 360 ಡಿಗ್ರಿ. ಮೊದಲು ನೆತ್ತಿಗಳೆಲ್ಲ ಒಳಮುಖವಾಗಿ ಸುತ್ತಿಕೊಂಡವು, ಕೋನವನ್ನು ಮೈನಸ್ ಮಾಡಿದ ಮೇಲೆ ಹೊರಗೆ ಬಂದವು. ಇಲ್ಲಿ ಮರೆಯಬಾರದ್ದು ಎರಡು: ಆಬ್ಜೆಕ್ಟಿನ ಆರಿಜಿನ್ (ಮೂಲಬಿಂದು) ಪಾದಗಳ ಸಾಲಿನ ಮೇಲೆಯೇ ಇರಬೇಕು, ಇಲ್ಲದಿದ್ದರೆ ತ್ರಿಜ್ಯ ತಪ್ಪುತ್ತದೆ. ಕಟ್ಸ್ ಇಲ್ಲದೆ ಬೆಂಡ್ ಮಾಡಿದರೆ ಸಿಗುವುದು ಎಂಟು ಮೂಲೆಯ ಡಬ್ಬಿ.

ಸುತ್ತಿದ ಮೆಶ್ ಮೇಲೆ ಬೆಳಕು ಓಡಿಸಿದಾಗ 225 ಡಿಗ್ರಿಯ ಹತ್ತಿರ ಒಂದು ತಗ್ಗು ಕಂಡಿತು. ಸ್ಮೂತ್ ಬ್ರಷ್‌ನಿಂದ ತೀಡಿದೆ, ತಗ್ಗು ಮಾಯವಾಯಿತು, ಜೊತೆಗೆ ಅಕ್ಕಪಕ್ಕದ ಸರಿಯಾದ ಗೆರೆಗಳೂ ಜಾಗ ಬಿಟ್ಟವು. ಅನ್‌ಡೂ ಮಾಡಿ ಎತ್ತರಗಳನ್ನು ಬರೆದುಕೊಂಡು ನೋಡಿದೆ. ಪ್ರತಿ ಸ್ಥಾನಕ್ಕೂ ನೆತ್ತಿ ಹೆಚ್ಚುಕಮ್ಮಿ ಒಂದೇ ಸಮ ಏರುತ್ತ ಹೋಗಿ, ಅಲ್ಲಿ ಮಾತ್ರ 2 ಮಿ.ಮೀ. ಕಡಿಮೆ. ಅಪ್ಪ ಆ ತುಂಡನ್ನು ಕೈಗೆತ್ತಿಕೊಂಡು ಸ್ಕ್ರೂಡ್ರೈವರ್ ತುದಿಯಿಂದ ಕೆರೆದರು. ಬೂದು ಬಣ್ಣದ ಹಕ್ಕಳೆ ಎದ್ದು ಬಂತು. ಗಡಸು ನೀರಿನ ಸುಣ್ಣ ವರ್ಷಗಟ್ಟಲೆ ಕೂತು ಕಬ್ಬಿಣದಷ್ಟೇ ಗಟ್ಟಿಯಾಗಿತ್ತು, ಶಾಯಿ ಅದರ ಅಂಚನ್ನೇ ಒತ್ತಿತ್ತು. ಮತ್ತೆ ಒತ್ತಿ ತೆಗೆದ ಗೆರೆ ಸಾಲಿಗೆ ಬಂದು ಕೂತಿತು.

ಕೊನೆಯ ಕುದುರೆಲಾಳದಿಂದ ಪೈಪು ಕೂಡುವ ದುಂಡನೆಯ ಫ್ಲೇಂಜಿಗೆ ಹೋಗುವ ಕೊರಳು ಉಳಿದಿತ್ತು. ಅಲ್ಲಿ ಇಂಪೆಲ್ಲರ್ ಕಡೆಯ ಬಾಯಿ ಮುಚ್ಚಬೇಕು. ಪಾದದಿಂದ ಪಾದಕ್ಕೆ 15 ವರ್ಟೆಕ್ಸ್ ಸೇರಿಸಿ ಒಟ್ಟು 64 ಮಾಡಿದೆ, ಫ್ಲೇಂಜಿಗೂ 64ರ ವೃತ್ತ ಹಾಕಿದೆ. ಬ್ರಿಜ್ ಮಾಡಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ಟ್ವಿಸ್ಟ್ ಸಂಖ್ಯೆಯನ್ನು ಒಂದೊಂದೇ ಹೆಚ್ಚಿಸುತ್ತ ಹೋಗಿ, ನೆತ್ತಿಯ ಎದುರಿಗೆ ವೃತ್ತದ ನೆತ್ತಿ ಬಂದಾಗ ನಿಲ್ಲಿಸಿದೆ. ನಾಲಿಗೆಯ ಮೂಲೆಯನ್ನು ಮಾತ್ರ ಗ್ರಿಡ್ ಫಿಲ್‌ನಿಂದ ತುಂಬಿ ಕೈಯಿಂದಲೇ ತಿದ್ದಿದೆ. ತೂತಿನ ಅಂಚಿನ ಎಡ್ಜ್‌ಗಳು ಸಮಸಂಖ್ಯೆಯಲ್ಲಿ ಇರದಿದ್ದರೆ ಗ್ರಿಡ್ ಫಿಲ್ ಕೆಲಸವನ್ನೇ ಮಾಡುವುದಿಲ್ಲ.

ಫೇಸ್ ಓರಿಯಂಟೇಶನ್ ಹಾಕಿ, ಒಳಮುಖವಾಗಿದ್ದರಿಂದ ಕೆಂಪಾಗಿ ಕಂಡ ಕೊರಳನ್ನು ಹೊರಮುಖ ಮಾಡಿ, ಸರಿಯಾಗಿ ಮುಚ್ಚಿಕೊಳ್ಳದ ಅಂಚುಗಳನ್ನು (ನಾನ್ ಮ್ಯಾನಿಫೋಲ್ಡ್) ಹುಡುಕಿ, ಎರಡೆರಡು ಕೂತ ವರ್ಟೆಕ್ಸ್‌ಗಳನ್ನು ಮರ್ಜ್ ಮಾಡಿದೆ. ಬೀಡು ಆರುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ. ನಮ್ಮ ಅಳತೆ ಆಗಲೇ ಕುಗ್ಗಿ ನಿಂತ ಎರಕದ್ದು, ಆದ್ದರಿಂದ ಸ್ಕೇಲ್ 1.01. 3D ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಮಿಲಿಮೀಟರೋ ಮೀಟರೋ ಎಂಬುದು ಬರೆದಿರುವುದೇ ಇಲ್ಲ, ಹಾಗಾಗಿ ಪ್ರಿಂಟರಿಗೆ ಕೊಡುವ ಮುಂಚೆ ಫ್ಲೇಂಜಿನ ವ್ಯಾಸವನ್ನು ಸ್ಲೈಸರಿನಲ್ಲಿ (ಪ್ರಿಂಟಿಗೆ ಸಿದ್ಧಮಾಡುವ ಸಾಫ್ಟ್‌ವೇರ್) ಇನ್ನೊಮ್ಮೆ ಅಳೆದೆ.

ಆ ಆಕಾರದಿಂದ ಮಾಡಿದ ಕೋರ್ ಬಾಕ್ಸ್, ಅಂದರೆ ಮರಳಿನ ಕೋರ್ ತೆಗೆಯುವ ಅಚ್ಚು, ಫೌಂಡ್ರಿಗೆ ಹೋಯಿತು, ಹತ್ತು ಕೇಸಿಂಗ್ ಹೊಯ್ದದ್ದೂ ಆಯಿತು. ಮೊನ್ನೆ ಅದೇ ಗಿರಾಕಿ ಇದಕ್ಕಿಂತ ದೊಡ್ಡದೊಂದನ್ನು ಇಳಿಸಿ ಹೋದರು. ನಾನು ಸಂಜೆ ಬರುವಷ್ಟರಲ್ಲಿ ಅಪ್ಪ ಅದನ್ನು ಕೊಯ್ದು, ಒಳಗಿನ ಸುಣ್ಣ ಕೆರೆದು, ಶಾಯಿ ಒತ್ತಿದ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು. ಪ್ರತಿ ಹಾಳೆಯ ಮೇಲೂ ಕೆಂಪು ಪೆನ್ಸಿಲ್ಲಿನಲ್ಲಿ ಐದೈದು ಗುರುತು ಹಾಕಿಟ್ಟಿದ್ದರು.