ಹವ್ಯಾಸಕ್ಕಾಗಿ ವಿಮಾನ ಹಾರಿಸಬೇಕೆಂಬ ಬೆಳಗಾವಿಯವರು ಮೊದಲು ಮಾಡಬೇಕಾದ ಲೆಕ್ಕ

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊಸ ಹಾರಾಟ ತರಬೇತಿ ಶಾಲೆಗಳಿಗೆಂದು 2021ರಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಜಳಗಾಂವ್, ಖಜುರಾಹೊ, ಲೀಲಾಬಾರಿಗಳ ಜೊತೆಗೆ ನಮ್ಮ ಬೆಳಗಾವಿ ಮತ್ತು ಕಲಬುರಗಿಯೂ ಇದ್ದವು. ಅಂದಿನಿಂದ ಬೆಳಗಾವಿಯ ನಿಲ್ದಾಣವಿರುವ ಸಾಂಬ್ರಾ, ಪಕ್ಕದ ಬಾಳೇಕುಂದ್ರಿ, ಹೊನ್ನಿಹಾಳದ ಹೊಲಗಳ ಮೇಲೆ ಸಣ್ಣ ವಿಮಾನಗಳ ಸದ್ದು ದಿನದ ಮಾತಾಗಿದೆ. ಪೈಲಟ್ ಉದ್ಯೋಗಕ್ಕಾಗಿ ಕಲಿಯುವ ಹುಡುಗರ ವಿಷಯ ಬೇರೆ. ಅವರ ಖರ್ಚು ಒಂದು ದಿನ ಸಂಬಳವಾಗಿ ಮರಳಬಹುದು. ಉದ್ಯಮಬಾಗದಲ್ಲಿ ಕಾರ್ಖಾನೆ ನಡೆಸುವವರು, ಹತ್ತರಗಿಯ ವೈಮಾಂತರಿಕ್ಷ ವಲಯದಲ್ಲಿ ವಿಮಾನದ ಬಿಡಿಭಾಗ ಮಾಡುವ ಎಂಜಿನಿಯರುಗಳು, ಕಬ್ಬಿನ ಬಿಲ್ಲು ಬಂದ ವರ್ಷ ಮನಸ್ಸಿನ ಆಸೆಯೊಂದನ್ನು ತೀರಿಸಿಕೊಳ್ಳಬೇಕೆನ್ನುವ ರೈತರು, ಇಂಥವರು ಕೇವಲ ಹಾರುವ ಸುಖಕ್ಕಾಗಿ ಲಕ್ಷಗಟ್ಟಲೆ ಹಣ ಹಾಕಬೇಕೇ ಎಂಬುದು ಈ ಬರಹದ ವಿಷಯ. ನಾನು ಹಾಕಿದ್ದೇನೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಲೆಕ್ಕವನ್ನು ತಪ್ಪು ತುದಿಯಿಂದ ಆರಂಭಿಸಿದ್ದೆ. ಓದುಗರು ಸರಿಯಾದ ತುದಿಯಿಂದ ಆರಂಭಿಸಲಿ ಎಂಬುದು ನನ್ನ ಕಾಳಜಿ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಲೈಸೆನ್ಸ್‌ಗೆ ಎಷ್ಟು ತಗಲುತ್ತದೆ ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ವರ್ಷಕ್ಕೆ ಎಷ್ಟು ಗಂಟೆ ಹಾರಲು ನನ್ನಿಂದ ಸಾಧ್ಯ, ಮತ್ತು ಆ ಗಂಟೆಗಳಿಗೆ ವಿಮಾನ ಕೊಡುವವರು ಯಾರು, ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ನಮ್ಮ ಊರಿನ ವರ್ಕ್‌ಶಾಪ್‌ಗಳಲ್ಲಿ ಜಾಬ್‌ವರ್ಕ್ ಕೊಡುವಾಗ ಗಂಟೆಗೆ ಮಷಿನ್ ದರ ಇಷ್ಟು ಎಂದು ಕಟ್ಟುತ್ತೇವೆ. ವಿಮಾನದ ದರವೂ ಅದೇ ರೀತಿಯದು. ನಾಲ್ಕಾಸನದ ಸೆಸ್ನಾ 172 ಗಂಟೆಗೆ ಸುಮಾರು 30ರಿಂದ 35 ಲೀಟರ್ ಆವ್‌ಗ್ಯಾಸ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್, ಕುಡಿಯುತ್ತದೆ; ಇದು ಪಂಪಿನಲ್ಲಿ ಸಿಗುವ ಪೆಟ್ರೋಲಿಗಿಂತ ಬಹಳ ದುಬಾರಿ. ವಡೋದರಾದ ಇಂಡಿಯನ್ ಆಯಿಲ್ ಸಂಸ್ಕರಣಾಗಾರವು 2022ರಲ್ಲಿ ಇದನ್ನು ಮಾರುಕಟ್ಟೆಗೆ ತರುವವರೆಗೆ ದೇಶವು ಆಮದನ್ನೇ ನೆಚ್ಚಿತ್ತು. ಈ ವರ್ಗದ ಲೈಕಮಿಂಗ್ ಎಂಜಿನ್ನನ್ನು ಸಾಮಾನ್ಯವಾಗಿ 2,000 ಗಂಟೆಗಳಿಗೆ ಒಮ್ಮೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕಾಗುತ್ತದೆ. ಅದಕ್ಕೆ 30 ಲಕ್ಷ ರೂಪಾಯಿ ತಗಲುತ್ತದೆಂದು ಹಿಡಿದರೆ, ಪ್ರತಿ ಗಂಟೆಯ ತಲೆಯ ಮೇಲೆ 1,500 ರೂಪಾಯಿ ಅದೊಂದಕ್ಕೇ ಬೀಳುತ್ತದೆ. 50 ಗಂಟೆ, 100 ಗಂಟೆಗಳ ತಪಾಸಣೆ, ವಿಮೆ, ಹ್ಯಾಂಗರ್ ಬಾಡಿಗೆ, ತರಬೇತುದಾರರ ಸಂಬಳ ಇವೆಲ್ಲ ಸೇರಿದಾಗ ಗಂಟೆಯ ದರ ಐದಂಕಿ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಈ ಬರಹದ ಲೆಕ್ಕಕ್ಕಾಗಿ ಗಂಟೆಗೆ 14,000 ರೂಪಾಯಿ ಎಂದು ಹಿಡಿಯುತ್ತೇನೆ. ನಿಮಗೆ ಹೇಳುವ ದರವನ್ನು ಅದರ ಜಾಗದಲ್ಲಿ ಇಟ್ಟು ಗುಣಿಸಿಕೊಳ್ಳಿರಿ.

ಖಾಸಗಿ ಪೈಲಟ್ ಲೈಸೆನ್ಸ್‌ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ ಕನಿಷ್ಠ 17 ವರ್ಷ ವಯಸ್ಸಾಗಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಎರಡನೆಯ ವರ್ಗದ ವೈದ್ಯಕೀಯ ಪ್ರಮಾಣಪತ್ರ ಪಡೆದಿರಬೇಕು ಮತ್ತು ಕನಿಷ್ಠ 40 ಗಂಟೆ ಹಾರಿರಬೇಕು. ಆ 40ರಲ್ಲಿ 20 ಗಂಟೆ ಒಬ್ಬರೇ ಹಾರಿದ್ದಾಗಿರಬೇಕು. ಜೊತೆಗೆ ಲಿಖಿತ ಪರೀಕ್ಷೆ, ರೇಡಿಯೊ ಬಳಕೆಯ ಪ್ರತ್ಯೇಕ ಲೈಸೆನ್ಸ್ ಮತ್ತು ಕೊನೆಗೆ ಹಾರಾಟದ ಪರೀಕ್ಷೆ ಇರುತ್ತವೆ. ನಿಯಮದ 40 ಗಂಟೆಗಳನ್ನೇ ಗುಣಿಸಿದರೆ 5,60,000 ರೂಪಾಯಿ ಬರುತ್ತದೆ, ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಕೆಲಸ, ಮನೆ, ಮದುವೆ-ಮುಂಜಿವೆಗಳ ನಡುವೆ ಬಿಡುವು ಮಾಡಿಕೊಂಡು ಕಲಿಯುವವರು 40ರಲ್ಲಿ ಮುಗಿಸುವುದು ಅಪರೂಪ. 55 ಗಂಟೆ ಎಂದು ಇಟ್ಟುಕೊಂಡರೆ 7,70,000 ರೂಪಾಯಿ. ಪುಸ್ತಕ, ಪಾಠ, ಹೆಡ್‌ಸೆಟ್, ಪರೀಕ್ಷಾ ಶುಲ್ಕ, ಓಡಾಟದ ಖರ್ಚು ಇದರ ಮೇಲೆ.

ಈಗ ಎರಡನೆಯ ಲೆಕ್ಕ. ತಿಂಗಳಿಗೆ ಸರಾಸರಿ ಎರಡು ಗಂಟೆಯಂತೆ ವರ್ಷಕ್ಕೆ 24 ಗಂಟೆ ಹಾರಿದರೆ 3,36,000 ರೂಪಾಯಿ, ಐದು ವರ್ಷಕ್ಕೆ 16,80,000 ರೂಪಾಯಿ ಆಗುತ್ತದೆ. ಲೈಸೆನ್ಸ್ ಗಳಿಸುವುದಕ್ಕಿಂತ ಅದನ್ನು ಜೀವಂತ ಇಡುವುದಕ್ಕೆ ಎರಡು ಪಟ್ಟಿಗೂ ಹೆಚ್ಚು ಹಣ ಬೇಕು. ವರ್ಷಕ್ಕೆ 12 ಗಂಟೆಗೆ ಇಳಿಸಿದರೆ 1,68,000 ರೂಪಾಯಿಯಲ್ಲಿ ಮುಗಿಯುತ್ತದೆ ನಿಜ, ಆದರೆ ಅದಕ್ಕಿಂತ ಕಡಿಮೆ ಹಾರುವವರು ಮನೆಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಏರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಗೆ ಬಂದ ವಿದ್ಯೆ ಹಾರದಿದ್ದರೆ ಕೈಬಿಟ್ಟು ಹೋಗುತ್ತದೆ, ಮತ್ತು ಅದು ಹೋದದ್ದು ಗೊತ್ತಾಗುವುದು ಇಳಿಯುವ ಹೊತ್ತಿನಲ್ಲಿ. ಎರಡನೆಯ ಲೆಕ್ಕದ ಹಣವನ್ನು ಮನೆಯ ಉಳಿತಾಯ ಮುಟ್ಟದೆ ಹೊಂದಿಸಲು ಆಗದು ಎಂದಾದರೆ, ಮೊದಲನೆಯದಕ್ಕೆ ಕೈಹಾಕುವುದು ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ: ಖಾಸಗಿ ಲೈಸೆನ್ಸ್ ಇಟ್ಟುಕೊಂಡು ವಿಮಾನ ನಡೆಸಿ ಸಂಬಳ ಪಡೆಯಲು ಕಾನೂನು ಬಿಡುವುದಿಲ್ಲ, ಆದ್ದರಿಂದ ಅದು ಎಂದಿಗೂ ಆದಾಯವಾಗಿ ತಿರುಗದ ಖರ್ಚು.

ನಮ್ಮ ಊರಿಗೇ ಸಂಬಂಧಿಸಿದ ಮೂರು ಸಂಗತಿಗಳು ಈ ಲೆಕ್ಕವನ್ನು ಏರುಪೇರು ಮಾಡುತ್ತವೆ. ಮೊದಲನೆಯದು ಮಳೆ. ಖಾಸಗಿ ಪೈಲಟ್ ಕಣ್ಣಿಗೆ ಕಾಣುವ ನೆಲವನ್ನು ನಂಬಿ ಹಾರುವವನು. ಅದಕ್ಕೆ ಸಾಮಾನ್ಯವಾಗಿ ಐದು ಕಿಲೋಮೀಟರಿನಷ್ಟಾದರೂ ನೋಟ ನಿಚ್ಚಳವಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮೋಡ ಎಷ್ಟು ಕೆಳಗೆ ತೂಗಾಡುತ್ತದೆಂಬುದು ಇಲ್ಲಿಯ ಯಾರಿಗೂ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಣ ಕಟ್ಟಿ ಆರಂಭಿಸಿದವರು ಮಳೆಗಾಲ ಕಳೆದ ಮೇಲೆ ಮರೆತದ್ದನ್ನು ಮತ್ತೆ ಕಲಿಯಲು ಐದಾರು ಗಂಟೆ ವ್ಯರ್ಥ ಮಾಡಬೇಕಾಗುತ್ತದೆ. ನಮ್ಮ ದರದಲ್ಲಿ ಅದು 70,000 ರೂಪಾಯಿಯ ಮೇಲೆ. ದಸರಾ ಮುಗಿದ ಮೇಲೆ ಆರಂಭಿಸಿ ವಾರಕ್ಕೆ ಮೂರು ಗಂಟೆಯಂತೆ ಬಿಡದೆ ಹಾರಿದರೆ ಫೆಬ್ರುವರಿಯ ಹೊತ್ತಿಗೆ ಲೈಸೆನ್ಸ್‌ನ ಗಂಟೆಗಳು ತುಂಬುತ್ತವೆ.

ಎರಡನೆಯದು ಎತ್ತರ ಮತ್ತು ಬಿಸಿಲು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಆ ಎತ್ತರದಲ್ಲಿ ವಿಮಾನದ ಕೋಷ್ಟಕಗಳು ಊಹಿಸುವ ಪ್ರಮಾಣಿತ ಉಷ್ಣತೆ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವ್ಯತ್ಯಾಸ 25 ಡಿಗ್ರಿ, ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಮತ್ತೆ 3,000 ಅಡಿ ಸೇರಿಸಬೇಕು. ರೆಕ್ಕೆಗೂ ಎಂಜಿನ್ನಿಗೂ ಸಿಗುವ ಗಾಳಿ 5,500 ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗಿರುತ್ತದೆ. ರನ್‌ವೇ ಉದ್ದವಾಗಿರುವುದರಿಂದ ನೆಲ ಬಿಡುವುದಕ್ಕೆ ತೊಂದರೆಯಿಲ್ಲ, ಆದರೆ ವಿಮಾನ ತಡವಾಗಿ ಏರುತ್ತದೆ, ಪ್ರತಿ ಸುತ್ತಿಗೂ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಎರಡಾಸನದ ಹಗುರ ವಿಮಾನದಲ್ಲಿ ಇಬ್ಬರು ದಪ್ಪ ಮೈಯವರು ಕುಳಿತರೆ ಟ್ಯಾಂಕ್ ತುಂಬ ಇಂಧನ ಹಾಕಿಕೊಳ್ಳುವಂತಿಲ್ಲ. ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ. ಗಾಳಿ ದಟ್ಟವಾಗಿರುತ್ತದೆ, ನೆಲ ಇನ್ನೂ ಬಿಸಿಯಾಗದೆ ಇರುವುದರಿಂದ ಕುಲುಕಾಟವೂ ಕಡಿಮೆ, ಕೊಟ್ಟ ಹಣಕ್ಕೆ ಕಲಿಕೆ ಹೆಚ್ಚು.

ಮೂರನೆಯದು ಕಾಯುವಿಕೆ. ಬಹುತೇಕ ಶಾಲೆಗಳಲ್ಲಿ ಗಡಿಯಾರ ಓಡುವುದು ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದಾಗಿನಿಂದ ಮತ್ತೆ ಇಡುವವರೆಗೆ, ಅಥವಾ ಎಂಜಿನ್ ಶುರುವಾದಾಗಿನಿಂದ ನಿಲ್ಲುವವರೆಗೆ. ಪ್ರಯಾಣಿಕರ ವಿಮಾನ ಇಳಿಯಲೆಂದು ರನ್‌ವೇ ಅಂಚಿನಲ್ಲಿ ಹತ್ತು ನಿಮಿಷ ನಿಂತರೆ 2,300 ರೂಪಾಯಿ ನಿಂತಲ್ಲೇ ಉರಿಯುತ್ತದೆ. ಗಂಟೆಯನ್ನು ಯಾವ ಗಡಿಯಾರದಿಂದ ಎಣಿಸುತ್ತೀರಿ ಎಂದು ಸೇರುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಪ್ರಯಾಣಿಕರ ವಿಮಾನಗಳ ವೇಳಾಪಟ್ಟಿ ನೋಡಿ ಸರದಿ ಆರಿಸುವುದು ಸಣ್ಣ ಸಂಗತಿಯಂತೆ ಕಂಡರೂ 55 ಗಂಟೆಗಳ ಅವಧಿಯಲ್ಲಿ ಅದು ಉಳಿಸುವ ಹಣ ಸಣ್ಣದಲ್ಲ.

ನಾನು ಎಡವಿದ್ದು ಬೇರೆ ಕಡೆ. ಬಹಳ ವರ್ಷಗಳ ಹಿಂದೆ, ಬೇರೆ ಊರಿನ ಒಂದು ಶಾಲೆಯಲ್ಲಿ, ಒಮ್ಮೆಲೆ ಕಟ್ಟಿದರೆ ರಿಯಾಯಿತಿ ಎಂದರೆಂದು ಇಡೀ ಹಣ ಮುಂಗಡ ಕಟ್ಟಿದೆ. ಹನ್ನೊಂದನೆಯ ಗಂಟೆಗೆ ವಿಮಾನ ಬಿಡಿಭಾಗಕ್ಕಾಗಿ ನೆಲ ಹಿಡಿಯಿತು. ಐದು ತಿಂಗಳು ಎದ್ದೇಳಲಿಲ್ಲ. ಹಣ ವಾಪಸ್ ಕೇಳಲು ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಜಾಬ್‌ವರ್ಕಿಗೆ ಪೂರ್ತಿ ಮುಂಗಡ ಯಾರಿಗೂ ಕೊಡದ ನಾನು ವಿಮಾನ ಕಂಡೊಡನೆ ಆ ಪದ್ಧತಿ ಮರೆತಿದ್ದೆ. ಹತ್ತು ಗಂಟೆಗಳಿಗಿಂತ ಹೆಚ್ಚಿನ ಹಣ ಮುಂಗಡ ಕಟ್ಟಬೇಡಿ. ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಒಂದಕ್ಕೆ ಎಷ್ಟು ವಿದ್ಯಾರ್ಥಿಗಳು, ಖಾಸಗಿ ಲೈಸೆನ್ಸ್‌ಗೆ ಮಾತ್ರ ಬರುವವರನ್ನು ಸೇರಿಸಿಕೊಳ್ಳುತ್ತಾರೆಯೇ, ಸರದಿಯಲ್ಲಿ ಉದ್ಯೋಗಾರ್ಥಿಗಳ ಹಿಂದೆ ನಿಲ್ಲಿಸುತ್ತಾರೆಯೇ, ಲೈಸೆನ್ಸ್ ಬಂದ ಮೇಲೆ ಅದೇ ವಿಮಾನವನ್ನು ಗಂಟೆಗೆ ಬಾಡಿಗೆ ಕೊಡುತ್ತಾರೆಯೇ ಎಂಬುದನ್ನು ಒಂದೊಂದಾಗಿ ಕೇಳಿರಿ. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಕಡೆ ಸೇರಿದರೆ, ಕಲಿತ ವಿದ್ಯೆಯನ್ನು ಬಳಸುವುದೆಲ್ಲಿ?

ಹಣ ಕಟ್ಟುವ ಕ್ರಮ ಹೀಗಿರಲಿ. ಎಲ್ಲಕ್ಕಿಂತ ಮೊದಲು ವೈದ್ಯಕೀಯ ತಪಾಸಣೆ. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರು ಕಣ್ಣು, ಬಣ್ಣಗಳ ಗ್ರಹಿಕೆ, ಕಿವಿ, ಹೃದಯ ಎಲ್ಲವನ್ನೂ ನೋಡುತ್ತಾರೆ. ಇಲ್ಲಿ ತಡೆಯಾದರೆ ಹೋಗುವುದು ಕೆಲವು ಸಾವಿರ ಮಾತ್ರ. ನಂತರ ತರಬೇತುದಾರರೊಂದಿಗೆ ಒಂದು ಪರಿಚಯದ ಹಾರಾಟ. ಅಲ್ಲಿಂದ ಮುಂದೆ ಒಬ್ಬರೇ ಹಾರುವ ದಿನದವರೆಗೆ, ಅಂದರೆ ಸುಮಾರು 15 ಗಂಟೆಗೆ, 2,10,000 ರೂಪಾಯಿ ಬೇರೆ ತೆಗೆದಿಡಿರಿ. ತರಬೇತುದಾರರು ಕೆಳಗಿಳಿದು ಬಾಗಿಲು ಮುಚ್ಚಿದ ಮೇಲೆ ಪಕ್ಕದ ಖಾಲಿ ಆಸನವನ್ನು ನೋಡಿಯೂ ನೋಡದಂತೆ ರನ್‌ವೇಗೆ ಹೊರಳುವ ಆ ಸುತ್ತು ಮುಗಿದಾಗ, ಮುಂದೆ ಹೋಗಬೇಕೇ ಎಂಬುದಕ್ಕೆ ನಿಮ್ಮದೇ ಆದ ಉತ್ತರ ಇರುತ್ತದೆ. ಇಷ್ಟು ಸಾಕು ಎನಿಸಿದರೆ ನಿಲ್ಲಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಆ ಹಣಕ್ಕೆ ಪೂರ್ತಿ ಬೆಲೆ ಬಂದಂತೆಯೇ.

ಬೆಲೆ ಎಂದರೇನೆಂಬುದನ್ನೂ ಹೇಳಬೇಕು. ಬೆಳಗಿನ ತಂಪಿನಲ್ಲಿ ರೆಕ್ಕೆಯ ಕೆಳಗೆ ಮೊಣಕಾಲೂರಿ, ಪಾರದರ್ಶಕ ಬಟ್ಟಲಿಗೆ ಇಂಧನ ಇಳಿಸಿ ಬೆಳಕಿಗೆ ಹಿಡಿಯುತ್ತೇವೆ. ಅದು ತಿಳಿನೀಲಿಯಾಗಿರಬೇಕು, ತಳದಲ್ಲಿ ನೀರಿನ ಹನಿ ಇರಬಾರದು. ಇದ್ದರೆ ಚೆಲ್ಲಿ ಮತ್ತೆ ಇಳಿಸಬೇಕು, ಹನಿ ಕಾಣದಾಗುವವರೆಗೆ. ಆ ಅರ್ಧ ನಿಮಿಷದಲ್ಲಿ ಫೋನಿಲ್ಲ, ಆರ್ಡರಿಲ್ಲ, ಬಾಕಿಯ ಚಿಂತೆಯಿಲ್ಲ. ಮೇಲೇರಿದ ಮೇಲೆ ಪಶ್ಚಿಮಕ್ಕೆ ಘಟ್ಟದ ಕೆಂಪು ನೆಲ, ಪೂರ್ವಕ್ಕೆ ಎರೆಭೂಮಿ, ನಡುವೆ ಕಬ್ಬಿನ ಹಸಿರು. ಹುಟ್ಟಿದಾಗಿನಿಂದ ಓಡಾಡಿದ ಸೀಮೆಯ ಗುರುತು ಅಂದು ಹೊಸದಾಗಿ ಸಿಗುತ್ತದೆ. ಲೈಸೆನ್ಸ್‌ಗೆ ಒಬ್ಬರೇ ಮಾಡಬೇಕಾದ ದೂರದ ಹಾರಾಟ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿಲೋಮೀಟರ್. ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿಯಬೇಕು. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರಗಳ ತ್ರಿಕೋನ ಅದಕ್ಕಿಂತ ಸ್ವಲ್ಪ ದೊಡ್ಡದು. ಬಸ್ಸಿನಲ್ಲಿ ಒಂದು ಇಡೀ ದಿನ ತಿನ್ನುವ ಈ ಸುತ್ತನ್ನು ಗಾಳಿಯಲ್ಲಿ ಎರಡು ಗಂಟೆಯೊಳಗೆ ಒಬ್ಬರೇ ಮುಗಿಸಿ ಬಂದವರಿಗೆ ಬೆಲೆಯ ಮಾತು ವಿವರಿಸಬೇಕಾಗಿಲ್ಲ.

ನೆಲ ಬಿಡುವ ಸುಖವಷ್ಟೇ ಬೇಕೆನ್ನುವವರಿಗೆ ಅಗ್ಗದ ದಾರಿಗಳಿವೆ. ಲೋಣಾವಳಾ ಬಳಿಯ ಕಾಮಶೇತ್‌ನಲ್ಲಿ ಪ್ಯಾರಾಗ್ಲೈಡಿಂಗನ್ನು ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಕೆಲವೇ ದಿನಗಳ ಶಿಬಿರಗಳಲ್ಲಿ ಕಲಿಸುತ್ತಾರೆ. ಬೆಳಗಾವಿಯಿಂದ ಒಂದು ರಾತ್ರಿಯ ಪ್ರಯಾಣ. ಎಂಜಿನ್ನಿಲ್ಲದ್ದರಿಂದ ಗಂಟೆಯ ದರದ ಹಂಗೇ ಇಲ್ಲ. ಮಕ್ಕಳಿಗೆ ಆಸೆಯಿದ್ದರೆ ಎನ್‌ಸಿಸಿಯ ವಾಯು ವಿಭಾಗವಿರುವ ಶಾಲೆ-ಕಾಲೇಜುಗಳನ್ನು ವಿಚಾರಿಸಬಹುದು. ಮನೆಯಲ್ಲಿ ಕಂಪ್ಯೂಟರಿನ ಸಿಮ್ಯುಲೇಟರ್ ಹಾಕಿಕೊಂಡರೆ ರೇಡಿಯೊ ಮಾತು, ತಪಾಸಣೆಯ ಕ್ರಮ, ದಾರಿ ಹುಡುಕುವುದು ಇವೆಲ್ಲ ಬಾಯಿಪಾಠವಾಗುತ್ತವೆ. ಇಳಿಸುವ ಹದ ಮಾತ್ರ ಅದರಿಂದ ಬರುವುದಿಲ್ಲ.

ಅಪಾಯದ ವಿಷಯವನ್ನು ಮನೆಯವರಿಂದ ಮುಚ್ಚಿಡಬಾರದು. 2023ರ ಮೇ ತಿಂಗಳಲ್ಲಿ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಪಾರಾದರು. ಎಂಜಿನ್ ನಿಂತಾಗ ಹೊಲ ಆರಿಸಿ ಇಳಿಯುವ ಅಭ್ಯಾಸಕ್ಕೆ ಖರ್ಚಾಗುವ ಗಂಟೆಗಳನ್ನು ಎಂದಿಗೂ ಉಳಿಸಲು ಹೋಗಬೇಡಿರಿ. ಹಾಗೆಯೇ ನಿಮ್ಮ ಅಪಘಾತ ವಿಮೆಯ ಪತ್ರವನ್ನು ತೆಗೆದು ಓದಿರಿ. ಟಿಕೆಟ್ ಕೊಂಡ ಪ್ರಯಾಣಿಕರಾಗಿ ಅಲ್ಲದೆ ಬೇರೆ ರೀತಿಯಲ್ಲಿ ಹಾರುವಾಗ ಆದ ಅಪಘಾತಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯ. ಜೀವವಿಮೆಯ ಕಂಪನಿಗೂ ಬರಹದಲ್ಲಿ ತಿಳಿಸಿ, ಹೆಚ್ಚಿನ ಕಂತು ಕೇಳಿದರೆ ಅದನ್ನೂ ವರ್ಷದ ಖರ್ಚಿಗೆ ಸೇರಿಸಬೇಕು. ಆ ಉತ್ತರ ಕೈಗೆ ಬಂದ ಮೇಲೆಯೇ ಶಾಲೆಗೆ ಮೊದಲ ಕಂತು ಕಟ್ಟಿರಿ.